ಹೊಟ್ಟೆ ಕೊಯ್ಯದೆ ಗೆಡ್ಡೆ ತೆಗೆಯುವುದು

ನಮ್ಮ ದಾದಿ ಎಂಟು ತಿಂಗಳು ಹೊಟ್ಟೆಯುರಿಗೆ ಗ್ಯಾಸ್ ಮಾತ್ರೆ ನುಂಗಿದರು. ಪೈಪ್ ಹಾಕಿಸಿಕೊಳ್ಳಲು ಭಯ. ಕೊನೆಗೆ ಮಾಲೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಕರೆದೊಯ್ದು ಎಂಡೋಸ್ಕೋಪಿ ಮಾಡಿಸಿದೆವು. ಅಲ್ಹಮ್ದುಲಿಲ್ಲಾಹ್, ಬರೀ ಹುಣ್ಣು. ಕ್ಯಾನ್ಸರ್ ಗೆಡ್ಡೆ ಆಗಿದ್ದರೆ ಏನು ಮಾಡುತ್ತಿದ್ದರು? ನಾನು ಕೇಳಿ, ಓದಿ ತಿಳಿದದ್ದು ಇದು.

ಜಠರದ ಗೋಡೆಗೆ ಹಲವು ಪದರಗಳಿವೆ. ಸಣ್ಣ ಗೆಡ್ಡೆ ಒಳಗಿನ ಲೋಳೆಪದರದಲ್ಲೇ ಇದ್ದರೆ ಹಲವರಿಗೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಗೆಡ್ಡೆಯ ಕೆಳಗೆ ದ್ರವ ಚುಚ್ಚಿ ಅದನ್ನು ಉಬ್ಬಿಸುತ್ತಾರೆ. ನಂತರ ವಿದ್ಯುತ್ ಚಾಕುವಿನಿಂದ ಸುತ್ತಲೂ ಕತ್ತರಿಸಿ ಒಂದೇ ತುಂಡಾಗಿ ಬಿಡಿಸುತ್ತಾರೆ. ಇದರ ಹೆಸರು ಇಎಸ್‌ಡಿ. 1990ರ ದಶಕದಲ್ಲಿ ಜಪಾನಿನಲ್ಲಿ ಬೆಳೆದ ವಿಧಾನ. ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಕ್ಯಾನ್ಸರ್ ಆಳಕ್ಕೆ ಇಳಿದಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಕು.

ಲಾಭ ನಷ್ಟ ಎರಡನ್ನೂ ಬರೆಯಬೇಕಲ್ಲ! ಸರಿಯಾಗಿ ಆರಿಸಿದ ರೋಗಿಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ, ಜಠರವೂ ಉಳಿಯುತ್ತದೆ. ಆದರೆ ರಕ್ತಸ್ರಾವವಾಗಬಹುದು, ಅಪರೂಪಕ್ಕೆ ಗೋಡೆ ತೂತಾಗಬಹುದು. ಉಳಿದ ಜಠರದಲ್ಲಿ ಹೊಸ ಗೆಡ್ಡೆಯೂ ಬರಬಹುದು. ಅದಕ್ಕೇ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದ್ದರೆ ಔಷಧಿ, ಆಮೇಲೆ ತಪ್ಪದೆ ಎಂಡೋಸ್ಕೋಪಿ.

ಜಪಾನ್, ಕೊರಿಯಾಗಳಲ್ಲಿ ತೊಂದರೆ ಇಲ್ಲದವರಿಗೂ ತಪಾಸಣೆ ನಡೆಯುತ್ತದೆ. ನಮ್ಮಲ್ಲಿ ಹೆಚ್ಚಿನವರು ತಡವಾಗಿ ಬರುತ್ತಾರೆ, ಆಗ ಈ ದಾರಿ ಮುಚ್ಚಿರುತ್ತದೆ. ಗೆಳೆಯರೇ, ಮನೆಯ ಹಿರಿಯರಿಗೆ ಹೊಟ್ಟೆಯುರಿ ವಾರಗಟ್ಟಲೆ ಇದ್ದರೆ, ತೂಕ ಇಳಿದರೆ, ಮಲ ಕಪ್ಪಾದರೆ ಇನ್ನೊಂದು ಮಾತ್ರೆ ತಂದುಕೊಡಬೇಡಿ. ಡಾಕ್ಟರ ಬಳಿ ಕರೆದುಕೊಂಡು ಹೋಗಿ.