ಮಣ್ಣಿನಲ್ಲಿ ಹೂತಿಟ್ಟ ಕ್ಯಾಮರಾ

ಪ್ರಾಣಕ್ಕೆ ಸಮನಾದ ವಸ್ತುವನ್ನು ಮನುಷ್ಯನು ತಾನಾಗಿ ಬಿಡುವುದುಂಟೆ? ಬಿಟ್ಟರೂ ಬಡತನದಿಂದಲೋ ಬಲಾತ್ಕಾರದಿಂದಲೋ ಬಿಟ್ಟಿರಬೇಕೆಂದೇ ಲೋಕವು ಭಾವಿಸುತ್ತದೆ. ಫ್ರಾನ್ಸಿನ ಜಗದ್ವಿಖ್ಯಾತ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸ್ಸಾನ್ ತನ್ನ ಲೈಕಾ ಕ್ಯಾಮರಾವನ್ನು ಎರಡು ಬಾರಿ ಅಗಲಿದನು. ಮೊದಲನೆಯ ಅಗಲಿಕೆಗೆ ಯುದ್ಧವು ಕಾರಣ. ಎರಡನೆಯದಕ್ಕೆ ಆತನೇ ಕಾರಣ.

1908ರಲ್ಲಿ ಜನಿಸಿದ ಈತನು ಮೊದಲು ಅಭ್ಯಾಸಮಾಡಿದ್ದು ಚಿತ್ರಕಲೆಯನ್ನು. 1930ರ ದಶಕದ ಆರಂಭದಲ್ಲಿ ಲೈಕಾ ಕೈಸೇರಿದೊಡನೆ ಕುಂಚವು ಮೂಲೆ ಸೇರಿತು. ಚಲಚ್ಚಿತ್ರದ 35 ಮಿಲಿಮೀಟರ್ ಫಿಲ್ಮನ್ನೇ ಬಳಸುವ ಆ ಪುಟ್ಟ ಯಂತ್ರದಲ್ಲಿ ಒಂದು ಸುರುಳಿಗೆ 36 ಚಿತ್ರಗಳು. 1932ರಲ್ಲಿ ಲೈಕಾಕ್ಕೆ ರೇಂಜ್‌ಫೈಂಡರ್ ಕೂಡಿಕೊಂಡಿತು. ಇದರ ಉಪಾಯವು ಬಹು ಸೊಗಸಾದುದು: ಎರಡು ಸಣ್ಣ ಕಿಂಡಿಗಳಿಂದ ಬರುವ ಬೆಳಕು ನೋಡುವವನ ಕಣ್ಣಿಗೆ ಒಂದೇ ವಸ್ತುವನ್ನು ಎರಡಾಗಿ ತೋರಿಸುತ್ತದೆ, ಮಸೂರದ ಬಳೆಯನ್ನು ತಿರುಗಿಸುತ್ತ ಹೋದಂತೆ ಎರಡೂ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಕೂಡಿದರೆ ಚಿತ್ರವು ಸ್ಫುಟ. ಒಳಗೆ ಏರಿಳಿಯುವ ಕನ್ನಡಿಯಿಲ್ಲದ್ದರಿಂದ ಸದ್ದೂ ಅತ್ಯಲ್ಪ. ಹೊಳೆಯುವ ಲೋಹಭಾಗಗಳಿಗೆ ಕರಿಯ ಪಟ್ಟಿ ಅಂಟಿಸಿಕೊಂಡು ಈತನು ಜನರ ನಡುವೆ ಅದೃಶ್ಯನಂತೆ ಸಂಚರಿಸುತ್ತಿದ್ದನು.

1940ರಲ್ಲಿ ಜರ್ಮನ್ ಸೇನೆ ನುಗ್ಗಿ ಬಂದಾಗ ಸೈನಿಕನಾಗಿದ್ದ ಕಾರ್ತಿಯೇ-ಬ್ರೆಸ್ಸಾನ್ ವೋಜ್ ಪ್ರಾಂತದ ಹೊಲವೊಂದರಲ್ಲಿ ಲೈಕಾವನ್ನು ಹೂತಿಟ್ಟನು. ಜೂನ್ ತಿಂಗಳಲ್ಲಿ ಸೆರೆಸಿಕ್ಕನು. ಎರಡು ಬಾರಿ ಪರಾರಿಯಾಗಲು ಯತ್ನಿಸಿ ಸಿಕ್ಕಿಬಿದ್ದನು. 1943ರಲ್ಲಿ, ಮೂರನೆಯ ಬಾರಿಗೆ, ಪಾರಾದನು. ಆಮೇಲೆ ಆ ಹೊಲಕ್ಕೆ ಮರಳಿ, ಮಣ್ಣಗೆದು ಕ್ಯಾಮರಾವನ್ನು ಹೊರತೆಗೆದನು! ಇತ್ತ ಆತನು ಯುದ್ಧದಲ್ಲಿ ಮಡಿದನೆಂದೇ ನಂಬಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಮರಣೋತ್ತರ ಪ್ರದರ್ಶನವೊಂದನ್ನು ಯೋಜಿಸುತ್ತಿದ್ದಿತು. 1947ರಲ್ಲಿ ಆ ಪ್ರದರ್ಶನವು ನೆರವೇರಿದಾಗ 'ದಿವಂಗತ'ನು ಖುದ್ದಾಗಿ ಹಾಜರಿದ್ದನು.

ಆ ಪ್ರದರ್ಶನದ ಪುಸ್ತಕವನ್ನೇ ಆತನು 1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿಯವರಿಗೆ ತೋರಿಸಿದ್ದು. ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿನಲ್ಲೇ ಮಹಾತ್ಮರ ಹತ್ಯೆಯ ವಾರ್ತೆ ಹಬ್ಬಿತು. ಆ ಶೋಕದ ದಿನಗಳನ್ನು ಆತನ ಚಿತ್ರಗಳು ಜಗತ್ತಿಗೆ ತೋರಿಸಿದವು.

ಇಂಥವನು 1970ರ ದಶಕದ ಆರಂಭದಲ್ಲಿ, ಕೀರ್ತಿಯ ಶಿಖರದಲ್ಲಿದ್ದಾಗಲೇ, ಕ್ಯಾಮರಾವನ್ನು ಕೆಳಗಿಟ್ಟನು. ಕಣ್ಣು ಮಂಜಾಗಿರಲಿಲ್ಲ, ಕೈ ನಡುಗುತ್ತಿರಲಿಲ್ಲ. ಮೊದಲಿನ ಅಗಲಿಕೆಗಿಂತ ಇದೇ ಕಠಿನವೆನ್ನಬೇಕು. ಹೂತವನಿಗೆ ಮತ್ತೆ ಅಗೆಯುವ ಆಸೆಯಾದರೂ ಇರುತ್ತದೆ. ಛಾಯಾಗ್ರಹಣವು ತತ್‌ಕ್ಷಣದ ಕ್ರಿಯೆ, ರೇಖಾಚಿತ್ರವು ಧ್ಯಾನ ಎಂಬುದು ಆತನ ಭಾವನೆ. ಅರವತ್ತು ದಾಟಿದವನಿಗೆ ಧ್ಯಾನವೇ ಬೇಕಾಯಿತು. ಲೈಕಾವನ್ನು ಮನೆಯ ತಿಜೋರಿಯಲ್ಲಿಟ್ಟಿದ್ದನೆಂದು ಹೇಳುತ್ತಾರೆ. ಎಂದಾದರೊಮ್ಮೆ ಯಾರದಾದರೂ ಭಾವಚಿತ್ರಕ್ಕಾಗಿ ಅದು ಹೊರಬರುತ್ತಿದ್ದಿತು, ಅಷ್ಟೆ. 2004ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ತೀರಿಕೊಳ್ಳುವುದಕ್ಕೆ ಮುಂಚಿನ ಮೂರು ದಶಕಗಳನ್ನು ಆತನು ಬಹುಪಾಲು ಪೆನ್ಸಿಲು ಕಾಗದಗಳೊಡನೆಯೇ ಕಳೆದನು.