‘ಇನ್ನೂ ಏನೂ ಆಗ್ಲಿಲ್ಲ’ ಅನ್ನೋದೇ ಅಪಾಯ: ಡಿಒಎಂ ಕಥೆ

ಇವತ್ತಿನ ಎಪಿಸೋಡ್ ಸಾಣಾಪುರದಿಂದ ಶುರು.

ಕಳೆದ ಚಳಿಗಾಲ, ಕೆರೆಯಲ್ಲಿ ತೆಪ್ಪದಲ್ಲಿ ಸುತ್ತಿ ಬಂದು ಬಂಡೆ ಮೇಲೆ ಕೂತಿದ್ದೆ. ಪಕ್ಕದ ಗುಂಪಿನ ಹುಡುಗನೊಬ್ಬ ಅಂಚೆಚೀಟಿಗಿಂತ ಚಿಕ್ಕ ಕಾಗದದ ಚೂರು ತೋರಿಸಿ, ‘ಬ್ರೋ, ಎಲ್‌ಎಸ್‌ಡಿ. ಬೇಕಾ?’ ಅಂದ. ‘ಎಲ್‌ಎಸ್‌ಡಿನೇ ಅಂತ ನಿನಗೆ ಹೇಗೆ ಗೊತ್ತು?’ ಅಂತ ಕೇಳಿದೆ. ‘ಕೊಟ್ಟವನು ಹೇಳಿದ’ ಅಂದ. ನಾನು ಬಿ.ಕಾಂ ಓದಿದವನು. ಬಿಲ್ ಇಲ್ಲದ, ಲೇಬಲ್ ಇಲ್ಲದ ಮಾಲು ಅಂದ್ರೆ ನನಗೆ ಅನುಮಾನ.

ಅನುಮಾನಕ್ಕೆ ಕಾರಣವಾಗುವ ಒಂದು ಹಳೇ ಕಥೆ ಇದೆ. ಮೆಕ್ಸಿಕೊ ಕಡೆಯ ಪೆಯೋಟಿ ಎಂಬ ಕಳ್ಳಿಯಲ್ಲಿ ಮೆಸ್ಕಲಿನ್ ಅನ್ನೋ, ಭ್ರಮೆ ಹುಟ್ಟಿಸುವ ರಾಸಾಯನಿಕ ಇದೆ. 1897ರಲ್ಲಿ ಜರ್ಮನಿಯ ಆರ್ಥರ್ ಹೆಫ್ಟರ್ ಅದನ್ನು ಬೇರ್ಪಡಿಸಿದರು. 1963ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಶುಲ್ಗಿನ್, ಅದೇ ರಚನೆಯನ್ನು ಸ್ವಲ್ಪ ಬದಲಿಸಿ ಲ್ಯಾಬಿನಲ್ಲಿ ಹೊಸದೊಂದನ್ನು ಮಾಡಿದರು. ಅದೇ ಡಿಒಎಂ. ಮೆಸ್ಕಲಿನ್‌ಗಿಂತ ಹತ್ತಾರು ಪಟ್ಟು ತೀವ್ರ. ದೇಹದ ಕಿಣ್ವಗಳಿಗೆ ಇದನ್ನು ಬೇಗ ಒಡೆಯೋಕೂ ಆಗಲ್ಲ.

1967ರ ಬೇಸಿಗೆಯಲ್ಲಿ ಇದು ‘ಎಸ್‌ಟಿಪಿ’ ಹೆಸರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹಿಪ್ಪಿಗಳ ಕೈ ಸೇರಿತು. ಮಾತ್ರೆಯಲ್ಲಿದ್ದ ಪ್ರಮಾಣವೇ ವಿಪರೀತ. ಅದರ ಮೇಲೆ, ಇದು ಎಲ್‌ಎಸ್‌ಡಿ ಹಾಗೆ ಬೇಗ ಏರಲ್ಲ, ಪೂರ್ತಿ ಏರೋಕೆ ಹಲವು ಗಂಟೆ ಬೇಕು. ‘ಇನ್ನೂ ಏನೂ ಆಗ್ಲಿಲ್ಲ’ ಅಂತ ಕೆಲವರು ಇನ್ನೊಂದು ಮಾತ್ರೆ ನುಂಗಿದರು. ಆಮೇಲೆ ಎರಡೂ ಸೇರಿ ಏರಿದವು, ಬೇಗ ಇಳೀಲಿಲ್ಲ. ಗಾಬರಿಯಾದವರು ಆಸ್ಪತ್ರೆಗಳ ತುರ್ತು ವಿಭಾಗ ಸೇರಿದರು.

ಇದೇ ಕುಟುಂಬದ ಪದಾರ್ಥಗಳನ್ನು ಎಲ್‌ಎಸ್‌ಡಿ ಅಂತ ಕಾಗದಕ್ಕೆ ಹಾಕಿ ಮಾರಿದ್ದೂ ಉಂಟು. ನೋಡಿದ್ರೆ ವ್ಯತ್ಯಾಸ ತಿಳಿಯಲ್ಲ. ಸಾಣಾಪುರದಲ್ಲಂತೂ ಸುತ್ತ ಬಂಡೆ, ಪಕ್ಕದಲ್ಲೇ ನೀರು. ಕಾನೂನಿಗೂ ಹೆಸರು ಮುಖ್ಯ ಅಲ್ಲ: 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಮೆಸ್ಕಲಿನ್, ಡಿಒಎಂ, ಎಲ್‌ಎಸ್‌ಡಿ ಮೂರೂ ಇವೆ.

ಗೆಳೆಯ ಯಾರಾದ್ರೂ ತಗೊಂಡು ಒದ್ದಾಡ್ತಿದ್ರೆ ಒಬ್ಬನನ್ನೇ ಬಿಡಬೇಡಿ. ನೀರು, ಬಂಡೆಯಿಂದ ದೂರ ಕರ್ಕೊಂಡು ಹೋಗಿ, 108ಕ್ಕೆ ಕಾಲ್ ಮಾಡಿ. ಡಾಕ್ಟರ್ ಹತ್ರ ಏನನ್ನೂ ಮುಚ್ಚಿಡಬೇಡಿ. ‘ಎಲ್‌ಎಸ್‌ಡಿ ತಗೊಂಡ’ ಅನ್ನಬೇಡಿ, ‘ಎಲ್‌ಎಸ್‌ಡಿ ಅಂತ ಯಾರೋ ಕೊಟ್ರು’ ಅನ್ನಿ. ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಚಟ ಬಿಡೋಕೆ ಸಹಾಯ ಬೇಕಿದ್ರೆ 14446, ಉಚಿತ ಸಹಾಯವಾಣಿ.

ಆ ಹುಡುಗ ಕಾಗದವನ್ನು ಪರ್ಸಿಗೆ ಹಾಕ್ಕೊಂಡು ಎದ್ದು ಹೋದ. ತಮ್ಮಾ, ಕೇಳ್ತಿದ್ರೆ ಒಂದು ಮೆಸೇಜ್ ಹಾಕು. ಮುಂದಿನ ವಾರ ಸಿಗೋಣ.