ತಾರ್ನಾಕದ ಚಳಿಗಾಲ ಮನಸ್ಸನ್ನು ಮಂಕಾಗಿಸುತ್ತದೆಯೇ?

ಪ್ರಶ್ನೆ: ಹೈದರಾಬಾದಿನ ತಾರ್ನಾಕದಲ್ಲಿದ್ದೇವೆ. ಡಿಸೆಂಬರ್ ಬಂತೆಂದರೆ ಮನಸ್ಸಿಗೆ ಮಂಕು ಕವಿಯುತ್ತದೆ. ಇದು ಚಳಿಗಾಲದ ಖಿನ್ನತೆಯೇ?

ಉತ್ತರ: ಇರಬಹುದು, ಆದರೆ ಋತುವೊಂದನ್ನೇ ದೂರಬೇಡಿ. ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದ ಈ ಕಾಯಿಲೆ ಹೆಚ್ಚು ಕಾಡುವುದು ಉತ್ತರದ ದೇಶಗಳಲ್ಲಿ. ಅಲ್ಲಿ ಚಳಿಗಾಲದ ಹಗಲು ಚಿಕ್ಕದು: ಡಿಸೆಂಬರ್ ಕೊನೆಗೆ ಲಂಡನ್ನಿನ ಹಗಲು 8 ಗಂಟೆಯೂ ಇರದು. ನಿಮ್ಮಲ್ಲಿ 11 ಗಂಟೆ ದಾಟುತ್ತದೆ. ಆದರೂ ದಿನವಿಡೀ ಒಳಗೇ ಕೂತವರಿಗೆ ಆ ಬಿಸಿಲು ಇದ್ದೂ ಇಲ್ಲದಂತೆ. ಕೋಣೆಯ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ). ಚಿಕಿತ್ಸೆಯ ಬೆಳಕಿನ ಪೆಟ್ಟಿಗೆ 10,000 ಲಕ್ಸ್. ಬಯಲಿನ ಬಿಸಿಲು ಅದಕ್ಕೂ ಎಷ್ಟೋ ಪಟ್ಟು. ಬೆಳಿಗ್ಗೆ ಅರ್ಧ ಗಂಟೆ ಪಕ್ಕದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆ ಬಿಸಿಲಲ್ಲಿ ನಡೆಯಿರಿ. ಎರಡು ವಾರವಾದರೂ ನಿದ್ದೆ, ಹಸಿವು, ಉತ್ಸಾಹ ಮರಳದಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ತೊಂದರೆಯೂ ಹೀಗೇ ಕಾಣಿಸಿಕೊಳ್ಳುತ್ತದೆ. ಬದುಕೇ ಬೇಡವೆನಿಸಿದರೆ ಆ ಕ್ಷಣವೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.